ಪದ ಪರಿಚಯ: ಕಾರಿನ 'ರಾಕೆಟ್ ಎಂಜಿನ್'

ಹಳೆಯ ಅಮೆರಿಕನ್ ಕಾರುಗಳ ಬಗ್ಗೆ ಓದುವವರಿಗೆ 'ರಾಕೆಟ್ ವಿ8' ಎಂಬ ಹೆಸರು ಪದೇ ಪದೇ ಎದುರಾಗುತ್ತದೆ. ಜನರಲ್ ಮೋಟಾರ್ಸ್‌ನ ಓಲ್ಡ್ಸ್‌ಮೊಬೈಲ್ ವಿಭಾಗ 1949ರ ಕಾರುಗಳಲ್ಲಿ ಕೂರಿಸಿದ ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಅದು. ನಿಜವಾದ ರಾಕೆಟ್ಟಿಗೂ ಅದಕ್ಕೂ ನಂಟಿಲ್ಲ. ರಾಕೆಟ್ಟು ಇಂಧನದ ಜೊತೆ ಅದನ್ನು ಉರಿಸಲು ಬೇಕಾದ ಆಮ್ಲಜನಕವನ್ನೂ ಹೊತ್ತು, ಬಿಸಿ ಅನಿಲವನ್ನು ಹಿಂದಕ್ಕೆ ಚಿಮ್ಮಿಸುತ್ತಾ ಮೇಲೇರುತ್ತದೆ. ಈ ಎಂಜಿನ್ ಉಳಿದ ಕಾರುಗಳಂತೆಯೇ ಹೊರಗಿನ ಗಾಳಿ ಎಳೆದುಕೊಂಡು, ಪಿಸ್ಟನ್ ತಳ್ಳಿ, ಕ್ರ್ಯಾಂಕ್‌ಶಾಫ್ಟ್ ತಿರುಗಿಸುತ್ತದೆ.

ಹಾಗೆಂದು ಹೆಸರು ಪೂರ್ತಿ ಪೊಳ್ಳೇನೂ ಅಲ್ಲ. ಓಲ್ಡ್ಸ್‌ಮೊಬೈಲ್‌ನ ಹಿಂದಿನ ಎಂಜಿನ್‌ಗಳಲ್ಲಿ ವಾಲ್ವ್‌ಗಳು, ಅಂದರೆ ಮಿಶ್ರಣವನ್ನು ಒಳಬಿಟ್ಟು ಹೊಗೆಯನ್ನು ಹೊರಬಿಡುವ ಕವಾಟಗಳು, ಸಿಲಿಂಡರಿನ ಪಕ್ಕದಲ್ಲಿರುತ್ತಿದ್ದವು. ಇದರಲ್ಲಿ ಅವು ತಲೆಯ ಮೇಲೆ ಬಂದವು. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಹೆಚ್ಚು ಒತ್ತಿದಷ್ಟೂ ಅಷ್ಟೇ ಇಂಧನದಿಂದ ಹೆಚ್ಚು ಕೆಲಸ ತೆಗೆಯಬಹುದು ಎಂಬುದು ಜನರಲ್ ಮೋಟಾರ್ಸ್‌ನ ಸಂಶೋಧನಾ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ಕೆಟ್ಟರಿಂಗ್ ವರ್ಷಗಟ್ಟಲೆ ಹಿಡಿದುಕೊಂಡಿದ್ದ ವಿಚಾರ. ಅದರ ಫಲವೇ ಈ ಎಂಜಿನ್: 303 ಘನ ಅಂಗುಲ, ಅಂದರೆ ಸುಮಾರು 5 ಲೀಟರ್, 135 ಅಶ್ವಶಕ್ತಿ. ಇದನ್ನು ಹಗುರವಾದ ಬಾಡಿಯಲ್ಲಿಟ್ಟು 'ಓಲ್ಡ್ಸ್‌ಮೊಬೈಲ್ 88' ಮಾಡಿದರು. ಅಮೆರಿಕದ ಕಾರ್ ರೇಸ್ ಸಂಸ್ಥೆ ನ್ಯಾಸ್ಕಾರ್ ಅದೇ ವರ್ಷ ಶುರುಮಾಡಿದ ಸ್ಟ್ರಿಕ್ಟ್ಲಿ ಸ್ಟಾಕ್ ರೇಸುಗಳ ಮೊದಲ ಚಾಂಪಿಯನ್ ರೆಡ್ ಬೈರನ್ ಓಡಿಸಿದ್ದು ಈ ಕಾರನ್ನೇ.

ಆದರೆ ಕಂಪ್ರೆಷನ್ ಅನುಪಾತ, ಅಂದರೆ ಮಿಶ್ರಣವನ್ನು ಒತ್ತುವ ಪ್ರಮಾಣ, 7.25 ಎಂದರೆ ಶೋರೂಮಿಗೆ ಬಂದ ಗಿರಾಕಿಗೆ ಏನು ತಿಳಿಯಬೇಕು? ವಾಲ್ವು ಕಣ್ಣಿಗೆ ಕಾಣುವುದಿಲ್ಲ. ರಾಕೆಟ್ಟು ಕಾಣುತ್ತದೆ. ಜಾಹೀರಾತುಗಳಲ್ಲಿ ಗಂಡು ಹೆಣ್ಣು ಜೋಡಿಯಾಗಿ ರಾಕೆಟ್ಟನ್ನೇರಿ ಕಾರಿನ ಪಕ್ಕದಲ್ಲಿ ಹಾರುತ್ತಿದ್ದರು. ಕಾರಿನ ಲಾಂಛನಕ್ಕೂ ರಾಕೆಟ್ ಬಂತು. 1951ರಲ್ಲಿ 'ರಾಕೆಟ್ 88' ಎಂಬ ಹಾಡೇ ಬಂದು ಜನಪ್ರಿಯವಾಯಿತು. ರಾಕ್ ಅಂಡ್ ರೋಲ್‌ನ ಮೊದಲ ಹಾಡು ಅದೇ ಎನ್ನುವವರು ಇಂದಿಗೂ ಇದ್ದಾರೆ.

ಇಲ್ಲಿ ಇಸವಿಯನ್ನು ಗಮನಿಸಬೇಕು. ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿದ್ದು 1957ರಲ್ಲಿ. ಹೆಸರಿಟ್ಟ ಹೊತ್ತಿಗೆ ಜನರಿಗೆ ಗೊತ್ತಿದ್ದ ರಾಕೆಟ್ಟೆಂದರೆ ಯುದ್ಧದಲ್ಲಿ ಲಂಡನ್ನಿನ ಮೇಲೆ ಬಿದ್ದ ಜರ್ಮನ್ ವಿ-2, ಮತ್ತು 1947ರಲ್ಲಿ ಶಬ್ದದ ವೇಗ ಮೀರಿದ ಎಕ್ಸ್-1 ವಿಮಾನದ ರಾಕೆಟ್. ಬಾಹ್ಯಾಕಾಶ ಯುಗ ಆಗಸದಲ್ಲಿ ತೆರೆಯುವುದಕ್ಕೆ ಎಂಟು ವರ್ಷ ಮೊದಲೇ ಕಾರಿನ ಮಾರಾಟದಲ್ಲಿ ತೆರೆದಿತ್ತು. ನನಗೆ ಈ ಹೆಸರಿನಲ್ಲಿ ಅತ್ಯಂತ ಸೋಜಿಗವೆನಿಸುವ ಸಂಗತಿ ಇದೇ: ನಗರಗಳನ್ನು ಕೆಡವಿದ ಆಯುಧದ ಆಕಾರ, ನಾಲ್ಕೇ ವರ್ಷದಲ್ಲಿ ಭಾನುವಾರದ ಸುತ್ತಾಟದ ಸಂಕೇತವಾಯಿತು.

ಉಳಿದವರೂ ಅದೇ ದಾರಿ ಹಿಡಿದರು. 1955ರಲ್ಲಿ ಜನರಲ್ ಮೋಟಾರ್ಸ್‌ನದೇ ಬೇರೆ ವಿಭಾಗಗಳಾದ ಶೆವ್ರೊಲೆ 'ಟರ್ಬೊ-ಫೈರ್' ಎಂಜಿನ್ ತಂದಿತು, ಪಾಂಟಿಯಾಕ್ 'ಸ್ಟ್ರಾಟೊ-ಸ್ಟ್ರೀಕ್' ತಂದಿತು. ಟರ್ಬೊ-ಫೈರ್‌ನಲ್ಲಿ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಇರಲಿಲ್ಲ.

ನಿಜವಾದ ಟರ್ಬೊ ಬಂದದ್ದು 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ನಲ್ಲಿ. ಅದರ ಅಲ್ಯೂಮಿನಿಯಂ ಎಂಜಿನ್ 215 ಘನ ಅಂಗುಲಕ್ಕೆ 215 ಅಶ್ವಶಕ್ತಿ ಕೊಡುತ್ತಿತ್ತು. ಇಂಧನ ಹೊತ್ತಿಗೆ ಮುಂಚೆ ಸಿಡಿಯದಂತೆ, ಅಂದರೆ ಎಂಜಿನ್ ನಾಕ್ ಆಗದಂತೆ, ಒಂದು ದ್ರವವನ್ನು ಸಿಂಪಡಿಸಬೇಕಿತ್ತು. ಅದಕ್ಕಿಟ್ಟ ಹೆಸರು 'ಟರ್ಬೊ-ರಾಕೆಟ್ ಫ್ಲೂಯಿಡ್'. ಒಳಗಿದ್ದದ್ದು ಮುಖ್ಯವಾಗಿ ಶುದ್ಧ ನೀರು ಮತ್ತು ಮೆಥನಾಲ್. ಡಬ್ಬಿ ಖಾಲಿಯಾದರೆ ಟರ್ಬೊದ ಒತ್ತಡವನ್ನು ಕಾರು ತಾನೇ ತಗ್ಗಿಸಿಕೊಳ್ಳುತ್ತಿತ್ತು. ತುಂಬಿಸಲು ಮರೆಯುವ ಮಾಲೀಕರು ಬಹಳ. ಎರಡೇ ವರ್ಷಕ್ಕೆ ಮಾದರಿ ನಿಂತಿತು.

'ರಾಕೆಟ್' ಹೆಸರು ಮಾತ್ರ ಉಳಿಯಿತು, ಜನ ಅದನ್ನು ನಂಬಿದ್ದೂ ಉಳಿಯಿತು. 1977ರಲ್ಲಿ ಓಲ್ಡ್ಸ್‌ಮೊಬೈಲ್ ಕಾರುಗಳ ಬಾನೆಟ್ ಎತ್ತಿದ ಕೆಲವರಿಗೆ ಒಳಗೆ ಸಿಕ್ಕಿದ್ದು ಶೆವ್ರೊಲೆ ಎಂಜಿನ್. ಗಾತ್ರ ಒಂದೇ, 350 ಘನ ಅಂಗುಲ. ಕೆಲಸದಲ್ಲೂ ಅದು ಕಳಪೆಯೇನಲ್ಲ. ಆದರೂ ರಾಕೆಟ್ ಎಂದು ದುಡ್ಡು ಕೊಟ್ಟವರು ಬಿಡಲಿಲ್ಲ, ಇಲಿನಾಯ್ ರಾಜ್ಯ ಸರ್ಕಾರವೇ ಮೊಕದ್ದಮೆ ಹೂಡಿತು. ಅವರ ಸಿಟ್ಟು ನ್ಯಾಯವಾದದ್ದೆಂದೇ ನನ್ನ ಅನಿಸಿಕೆ: ಮೂರು ದಶಕ ಒಂದು ಹೆಸರನ್ನು ಮಾರಿದವರು ಆ ಹೆಸರಿಗೆ ಬಾಧ್ಯರಾಗಬೇಕು. ಕೊನೆಗೆ ಕಂಪನಿ ಪರಿಹಾರ ಕೊಟ್ಟು ರಾಜಿಯಾಯಿತು. ಆಮೇಲಿನ ಜಾಹೀರಾತುಗಳಲ್ಲಿ, ಎಂಜಿನ್‌ಗಳನ್ನು ಜನರಲ್ ಮೋಟಾರ್ಸ್‌ನ ಬೇರೆ ಬೇರೆ ವಿಭಾಗಗಳು ತಯಾರಿಸುತ್ತವೆ ಎಂಬ ಸೂಚನೆ ಸೇರಿಕೊಂಡಿತು.