ಕವಿತೆಯ ಹುಚ್ಚು ಹಿಡಿಯುವುದು ಹೇಗೆ?

ಪ್ರಶ್ನೆ: ಕಥೆ, ಕಾದಂಬರಿ ಇಷ್ಟಪಟ್ಟು ಓದುತ್ತೇನೆ. ಕವಿತೆ ಮಾತ್ರ ತಲೆಗೆ ಹತ್ತುವುದಿಲ್ಲ. ಕೆಲವರಿಗೆ ಅದರ ಹುಚ್ಚೇ ಇರುತ್ತದಲ್ಲ, ಅವರಿಗೆ ಅದು ಹಿಡಿದದ್ದು ಹೇಗೆ?

ಉತ್ತರ: ನಮ್ಮಲ್ಲಿ ಹೆಚ್ಚಿನವರಿಗೆ ಕಿವಿಯಿಂದ. ಅರ್ಥ ಬಂದದ್ದು ಆಮೇಲೆ. ಕೆಲವರಿಗೆ ಇನ್ನೂ ಪೂರ್ತಿ ಬಂದಿಲ್ಲ, ಆದರೂ ಪ್ರೀತಿಯೇನೂ ಕಮ್ಮಿಯಾಗಿಲ್ಲ.

ಕುಮಾರವ್ಯಾಸನ ಈ ಸಾಲು ನೋಡಿ:

ವೇದಪುರುಷನ ಸುತನ ಸುತನ ಸ
ಹೋದರನ ಹೆಮ್ಮಗನ ಮಗನ ತ
ಳೋದರಿಯ ಮಾತುಳನ ಮಾವನನತುಳ ಭುಜಬಲದಿ...

ಯಾರ ಮಗ, ಯಾರ ಮಾವ? ಮೊದಲ ಸಲ ಕೇಳಿದವರಿಗೆ ಏನೂ ಗೊತ್ತಾಗುವುದಿಲ್ಲ. ಪದ್ಯ ಕಟ್ಟಿರುವುದೇ ಒಗಟಿನ ಹಾಗೆ. ನಂಟಿನ ಎಳೆ ಹಿಡಿದು ಕೊನೆತನಕ ಹೋದರೆ ಕೃಷ್ಣ ಸಿಗುತ್ತಾನೆ. ಆದರೆ ಅಷ್ಟರಲ್ಲಿ ನಾಲಿಗೆಗೆ ಮಜಾ ಸಿಕ್ಕಿಬಿಟ್ಟಿರುತ್ತದೆ. ಸ್ವಲ್ಪ ಜೋರಾಗಿ ಓದಿ: ವೇದ, ಪುರುಷನ, ಸುತನ, ಸುತನಸ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು (ಮಾತ್ರೆ ಅಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಹೊತ್ತಿನ ಅಳತೆ). ಇದು ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಛಂದಸ್ಸಿನ ನಡಿಗೆ. ಪ್ರತಿ ಸಾಲಿನ ಎರಡನೇ ಅಕ್ಷರ 'ದ'. ಇನ್ನು 'ಸಹೋದರ'ನನ್ನು ಒಡೆದು 'ಸ' ಒಂದನ್ನೇ ಮೊದಲ ಸಾಲಲ್ಲಿ ಬಿಟ್ಟಿದ್ದಾನೆ. ಅಲ್ಲಿ ನಿಲ್ಲಲು ಆಗುವುದೇ ಇಲ್ಲ, ಮುಂದಿನ ಸಾಲಿಗೆ ಹೋಗಲೇಬೇಕು. ಎರಡನೇ ಸಾಲಿನ 'ತ' ಕೂಡ ಹಾಗೇ ಮುಂದಕ್ಕೆ ತಳ್ಳುತ್ತದೆ.

ಅಕ್ಷರ ಬಾರದವರೂ ಕುಮಾರವ್ಯಾಸನ ಭಾರತವನ್ನು ಬಾಯಲ್ಲಿ ಇಟ್ಟುಕೊಂಡಿದ್ದರು ಎಂದರೆ ಅದಕ್ಕೆ ಇಂಥ ಕಟ್ಟಡವೂ ಕಾರಣ, ಗಮಕವೂ ಕಾರಣ. ಗಮಕದಲ್ಲಿ ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಆಮೇಲೆ ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಮೊದಲು ದನಿ, ಆಮೇಲೆ ವಿವರಣೆ.

ಶಾಲೆಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಪದ್ಯ ಸರಿಯಾಗಿ ಕಿವಿಗೆ ಬೀಳುವ ಮೊದಲೇ 'ಸಾರಾಂಶ ಬರೆಯಿರಿ', 'ಸಂದರ್ಭ ಸಹಿತ ವಿವರಿಸಿ'. ಬಾಯಿಪಾಠವನ್ನು ಎಲ್ಲರೂ ಬೈಯುತ್ತಾರೆ. ನನಗೇನೋ ಅದರದ್ದು ಅಂಥ ತಪ್ಪೇನಿಲ್ಲ ಅನಿಸುತ್ತದೆ. ಬಾಯಿಗೆ ಬಂದ ಪದ್ಯ ಇಪ್ಪತ್ತು ವರ್ಷದ ಮೇಲೂ ಬಸ್ಸಿನಲ್ಲಿ ಸುಮ್ನೆ ಕೂತಾಗ ನೆನಪಿಗೆ ಬರುತ್ತದೆ. ಸಾರಾಂಶ ಯಾರಿಗೆ ನೆನಪಿದೆ ಹೇಳಿ?

ಶಾಲೆ ಕೆಡಿಸಿದ್ದನ್ನು ಎಷ್ಟೋ ಮನೆಗಳಲ್ಲಿ ಭಾವಗೀತೆ ಸರಿಮಾಡಿತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ 1978ರಲ್ಲಿ ಬಂತು. ಕವನ ಸಂಕಲನ ಕೊಳ್ಳದವರೂ ಕವಿತೆ ಗುನುಗಿದರು.

ಹಾಗಾಗಿ ನೀವು ಈಗಾಗಲೇ ಗುನುಗುವ ಒಂದು ಭಾವಗೀತೆಯಿಂದಲೇ ಶುರು ಮಾಡಿ. ಅದರ ಪೂರ್ತಿ ಪಾಠ ಹುಡುಕಿ, ರಾಗ ಬಿಟ್ಟು ಜೋರಾಗಿ ಓದಿ. ಹಾಡಿನಲ್ಲಿ ಕೈಬಿಟ್ಟ ನುಡಿಗಳು ಎಷ್ಟೋ ಸಲ ಅಲ್ಲಿ ಸಿಗುತ್ತವೆ. ಹಿಡಿಸಿದರೆ ಅದೇ ಕವಿಯ ಇನ್ನೊಂದು. ಗೋಪಾಲಕೃಷ್ಣ ಅಡಿಗರಂಥ ನವ್ಯ ಕವಿಗಳನ್ನು ಸ್ವಲ್ಪ ತಡವಾಗಿ ಹಿಡಿದುಕೊಳ್ಳಿ. ಅಲ್ಲಿ ಹಾಡಿನ ಲಯಕ್ಕಿಂತ ಮಾತಿನ ಲಯ ಜಾಸ್ತಿ. ಅದನ್ನೂ ಕಣ್ಣಲ್ಲೇ ಓದಿ ಮುಗಿಸಬೇಡಿ, ಎದುರಿಗೆ ಯಾರೋ ಕೂತಿದ್ದಾರೆ ಅಂದುಕೊಂಡು ಓದಿ.