ಬಿಪಿ ನೋಡ್ತಾರೆ, ಶುಗರ್ ನೋಡ್ತಾರೆ, ಉಸಿರು?

ಪಾಂಡವಪುರದ ಹತ್ತಿರ ನಮ್ಮೂರು. ಅಲ್ಲಿ ನಮ್ಮ ದೊಡ್ಡಮ್ಮ ಹಿತ್ತಲಿನಿಂದ ಒಂದು ಬಿಂದಿಗೆ ನೀರು ತಂದರೆ ಸಾಕು, ಜಗುಲಿ ಮೇಲೆ ಕೂತುಬಿಡುತ್ತಾರೆ. ತುಟಿ ಕೂಡಿಸಿ, ಊದುಕೊಳವೆ ಊದುವ ಹಾಗೆ, ಉಸಿರನ್ನು ಮೆಲ್ಲಗೆ ಹೊರಗೆ ಬಿಡುತ್ತಾರೆ. ಕೇಳಿದರೆ "ಏನಿಲ್ಲ ಕಣಪ್ಪ, ವಯಸ್ಸಾಯ್ತಲ್ಲ, ದಮ್ಮು" ಅಂತಾರೆ.

ಅದು ವಯಸ್ಸಲ್ಲ, ಕಾಯಿಲೆ. ಡಾಕ್ಟರುಗಳು ಸಿಒಪಿಡಿ ಅನ್ನುತ್ತಾರೆ, ಅಂದರೆ ಉಸಿರಿನ ದಾರಿ ಕಟ್ಟಿಕೊಳ್ಳುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ವರ್ಷಗಟ್ಟಲೆ ಹೊಗೆ ಕುಡಿದ ಶ್ವಾಸನಾಳಗಳು ಊದಿಕೊಂಡು ಕಿರಿದಾಗುತ್ತವೆ. ತುದಿಯಲ್ಲಿರುವ ಪುಟ್ಟ ಗಾಳಿಚೀಲಗಳ ಗೋಡೆ ಹರಿದುಹೋಗುತ್ತದೆ. ಎಳೆದುಕೊಂಡ ಗಾಳಿ ಪೂರ್ತಿ ಹೊರಗೆ ಬರುವುದೇ ಇಲ್ಲ. ತುಟಿ ಕಿರಿದು ಮಾಡಿ ಊದಿದರೆ ಒಳಗೆ ಸ್ವಲ್ಪ ಒತ್ತಡ ಉಳಿದು, ನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲ. ಯಾರೂ ಹೇಳಿಕೊಡದೆ ದೊಡ್ಡಮ್ಮನ ಮೈ ಇದನ್ನು ತಾನೇ ಕಂಡುಕೊಂಡಿದೆ.

ಭಾರತದಲ್ಲಿ 1990ರಲ್ಲಿ ಸುಮಾರು 2.8 ಕೋಟಿ ಜನರಿಗಿದ್ದ ಈ ಕಾಯಿಲೆ 2016ರ ಹೊತ್ತಿಗೆ 5.5 ಕೋಟಿ ಜನರಿಗೆ ಇತ್ತು ಎಂಬ ಅಂದಾಜಿದೆ. ಬೀಡಿ, ಸಿಗರೇಟು ದೊಡ್ಡ ಕಾರಣ. ಆದರೆ ದೊಡ್ಡಮ್ಮ ಬೀಡಿ ಮುಟ್ಟಿದವರಲ್ಲ. ಅವರ ಕಾಯಿಲೆ ಬಂದದ್ದು ಒಲೆಯಿಂದ.

ಇದಕ್ಕೆ ನಮ್ಮ ಕಡೆಯದೇ ಒಂದು ಲೆಕ್ಕವಿದೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ್ದು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ ಕೂತಿರಿ, ಎಷ್ಟು ವರ್ಷ ಕೂತಿರಿ, ಎರಡನ್ನೂ ಗುಣಿಸಿ. 60ಕ್ಕೆ ಮುಟ್ಟಿದರೆ ದೀರ್ಘಕಾಲದ ಕಫ, ಕೆಮ್ಮಿನ ಕಾಯಿಲೆಯ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ 2 ಗಂಟೆ, 30 ವರ್ಷ, ಅಷ್ಟೇ ಸಾಕು. ದೊಡ್ಡಮ್ಮನ ಲೆಕ್ಕ ಹಾಕಿದೆ. 3 ಗಂಟೆ, 45 ವರ್ಷ. 135! ನಿಮ್ಮ ಮನೆಯ ಹಿರಿಯರದ್ದೂ ಒಮ್ಮೆ ಹಾಕಿ ನೋಡಿ.

ಊರಿಗೆ ಬರುವ ನರ್ಸಮ್ಮ ಬಿಪಿ ನೋಡುತ್ತಾರೆ, ಬೆರಳು ಚುಚ್ಚಿ ಶುಗರ್ ನೋಡುತ್ತಾರೆ. ಅದು ಬೇಕೇ ಬೇಕು. ಆದರೆ ದೊಡ್ಡಮ್ಮನ ಉಸಿರನ್ನು ಇಷ್ಟು ವರ್ಷ ಯಾರೂ ಅಳೆದಿರಲಿಲ್ಲ. ಅಳೆಯುವ ಸ್ಪೈರೋಮೀಟರ್ ಏನೂ ದೊಡ್ಡ ಯಂತ್ರವಲ್ಲ. ಎದೆ ತುಂಬ ಗಾಳಿ ಎಳೆದು, ಜೋರಾಗಿ, ಆರು ಸೆಕೆಂಡಾದರೂ ಊದಬೇಕು. ಮೊದಲ ಸೆಕೆಂಡಿನಲ್ಲೇ ಹೆಚ್ಚುಪಾಲು ಗಾಳಿ ಹೊರಗೆ ಬರಬೇಕು. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ ಅದು ಊದಿದ ಒಟ್ಟು ಗಾಳಿಯ ಶೇ. 70 ಮುಟ್ಟದಿದ್ದರೆ ದಾರಿ ಕಟ್ಟಿಕೊಂಡಿದೆ ಅಂತ ಅರ್ಥ. ಕಷ್ಟ ಇರುವುದು ಸರಿಯಾಗಿ ಊದಿಸುವುದರಲ್ಲಿ. "ಊದಮ್ಮ, ಊದು, ಇನ್ನೂ ಊದು" ಅಂತ ಪಕ್ಕದಲ್ಲಿ ನಿಂತು ಹೇಳುವವರು ಬೇಕು. ಅಂಥ ಒಬ್ಬರು ತಾಲ್ಲೂಕು ಆಸ್ಪತ್ರೆಯಲ್ಲಾದರೂ ಇರಲಿ ಅನ್ನುವುದು ನನ್ನ ಆಸೆ. ಆಲೆಮನೆಯಲ್ಲಿ ದಿನವಿಡೀ ಒಲೆಗೆ ಸಿಪ್ಪೆ ತುಂಬುವವರೂ ಮೈಸೂರಿನವರೆಗೆ ಹೋಗದೆ ಊದಿ ಬರಬಹುದು.

ಕಾಯಿಲೆ ಗೊತ್ತಾದ ಮೇಲೂ ಕಥೆ ಮುಗಿಯಲ್ಲ. ಒಂದು ಚಳಿಗಾಲದಲ್ಲಿ ದಮ್ಮು ಜಾಸ್ತಿಯಾಗಿ ದೊಡ್ಡಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಮನೆಗೆ ಕಳಿಸುವಾಗ ಇನ್‌ಹೇಲರ್, ಜೊತೆಗೆ ಒಂದು ಡಬ್ಬಿ ಕ್ಯಾಪ್ಸೂಲ್ ಕೊಟ್ಟರು. ಮೂರು ತಿಂಗಳು ಕಳೆದು ನೋಡಿದರೆ ಡಬ್ಬಿ ಖಾಲಿ, ಇನ್‌ಹೇಲರ್ ಹೊಸದರಂತೆ ಇದೆ. ಕ್ಯಾಪ್ಸೂಲನ್ನು ನೀರು ಕುಡಿದು ನುಂಗಿದ್ದರು! "ಮಾತ್ರೆ ಅಲ್ವೇನಪ್ಪ ಅದು?" ಅಂದರು. ಅವರದೇನು ತಪ್ಪು? ಇನ್‌ಹೇಲರಿಗೆ ಹಾಕಿ ಎದೆಗೆ ಎಳೆದುಕೊಳ್ಳಬೇಕಾದ ಪುಡಿ ಹೊಟ್ಟೆಗೆ ಹೋಗಿತ್ತು.

ಆಮೇಲೆ ಬೇರೆ ಕಡೆ ಒಬ್ಬ ಸಿಸ್ಟರ್ ಎದುರಿಗೆ ಕೂರಿಸಿಕೊಂಡು ಮಾಡಿಸಿದರು. ಕ್ಯಾಪ್ಸೂಲ್ ಹಾಕಿ ತಿರುಗಿಸಿ. ಮೊದಲು ಉಸಿರನ್ನು ಹೊರಗೆ ಬಿಡಿ, ಇನ್‌ಹೇಲರ್ ಒಳಗಲ್ಲ. ಈಗ ತುಟಿ ಬಿಗಿಯಾಗಿ ಮುಚ್ಚಿ, ಜೋರಾಗಿ ಎಳೆಯಿರಿ. ಹತ್ತು ಎಣಿಸುವವರೆಗೆ ಹಿಡಿದಿಡಿ. ಕೊನೆಗೆ ಬಾಯಿ ಮುಕ್ಕಳಿಸಿ ಉಗಿಯಿರಿ. ಕ್ಯಾಪ್ಸೂಲ್ ಇಲ್ಲದ, ಒತ್ತುವ ಪಂಪ್ ಥರದ ಇನ್‌ಹೇಲರ್ ಆದರೆ ಜೋರಾಗಿ ಅಲ್ಲ, ನಿಧಾನವಾಗಿ ಎಳೆಯಬೇಕು. ಐದು ನಿಮಿಷದ ಕೆಲಸ. ಆದರೆ ಆ ಐದು ನಿಮಿಷವೂ ಔಷಧದಷ್ಟೇ ಚಿಕಿತ್ಸೆ ಅಂತ ನಾನು ನಂಬಿದ್ದೇನೆ. ಒಂದು ಸಲ ತೋರಿಸಿದರೆ ಸಾಲದು, ಮರೆತುಹೋಗುತ್ತದೆ. ಪ್ರತಿ ಸಲ ಆಸ್ಪತ್ರೆಗೆ ಹೋದಾಗಲೂ "ಮಾಡಿ ತೋರಿಸಿ" ಅನ್ನಬೇಕು. ಒಮ್ಮೆ ದಮ್ಮು ಉಲ್ಬಣಿಸಿ ಆಸ್ಪತ್ರೆ ಸೇರಿದವರಿಗೆ ಮತ್ತೆ ಹಾಗಾಗುವ ಸಂಭವ ಜಾಸ್ತಿ. ಅಂಥವರಿಗೆ ಮನೆಗೆ ಹೋದ ಕೆಲವು ದಿನಕ್ಕೆ ಒಂದು ಫೋನ್, ವರ್ಷಕ್ಕೊಂದು ಫ್ಲೂ ಲಸಿಕೆ, ಶಕ್ತಿಗೆ ತಕ್ಕ ನಡಿಗೆ ಕೂಡ ಬೇಕು.

ದೊಡ್ಡಮ್ಮ ಈಗ ಜಗುಲಿ ಮೇಲೆ ಕೂತು ಇನ್‌ಹೇಲರ್ ಎಳೆಯುತ್ತಾರೆ, ಮೊಮ್ಮಗಳು ಬೆರಳು ಮಡಚಿ ಹತ್ತು ಎಣಿಸುತ್ತಾಳೆ. ಅಡುಗೆಗೆ ಗ್ಯಾಸ್ ಬಂದಿದೆ. ಬಚ್ಚಲಿನ ಹಂಡೆ ಒಲೆಗೆ ಮಾತ್ರ ಇವತ್ತಿಗೂ ಸೌದೆಯೇ. ಮುಂದಿನ ಸಲ ಊರಿಗೆ ಹೋದಾಗ ಅದರ ಮಾತೆತ್ತಬೇಕು.