ಎರಡು ಕಾಲಾಳು ಬಿಟ್ಟುಕೊಟ್ಟ ರಾಜ

ಚೆಸ್ ಕಲಿಯುವವರಿಗೆ ಮೊದಲ ದಿನವೇ ಒಂದು ಬೆಲೆಪಟ್ಟಿ ಸಿಗುತ್ತದೆ. ಕಾಲಾಳಿಗೆ 1, ಕುದುರೆಗೆ 3, ಒಂಟೆಗೆ 3, ಆನೆಗೆ 5, ರಾಣಿಗೆ 9. ರಾಜನಿಗೆ ಬೆಲೆಯಿಲ್ಲ, ಅವನು ಹೋದರೆ ಆಟವೇ ಹೋಯಿತು. ಈ ಪಟ್ಟಿಯನ್ನು ಬಾಯಿಪಾಠ ಮಾಡಿದವರು ಆಮೇಲೆ ನೋಡಲೇಬೇಕಾದ ಆಟವೊಂದಿದೆ. 1924ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಟೂರ್ನಿಯಲ್ಲಿ ಕ್ಯೂಬಾದ ಕಾಪಾಬ್ಲಾಂಕ ಬಿಳಿ ಕಾಯಿ ಹಿಡಿದು ಟಾರ್ಟಕೋವರ್ ಎದುರು ಆಡಿದ್ದು.

ಕಾಪಾಬ್ಲಾಂಕ ಆಗ ವಿಶ್ವ ಚಾಂಪಿಯನ್. ಆದರೆ ಹಿಂದಿನ ಸುತ್ತಿನಲ್ಲಷ್ಟೇ ರಿಚರ್ಡ್ ರೇಟಿಗೆ ಸೋತಿದ್ದ. ಎಂಟು ವರ್ಷಗಳಲ್ಲಿ ಅದು ಅವನ ಮೊದಲ ಸೋಲು. ಟಾರ್ಟಕೋವರ್‌ನದು ಬೇರೆಯೇ ಜಾಯಮಾನ. ಇದೇ ಟೂರ್ನಿಯಲ್ಲಿ ಪ್ರಾಣಿಸಂಗ್ರಹಾಲಯಕ್ಕೆ ಹೋಗಿ ಒರಾಂಗುಟಾನ್ ನೋಡಿಬಂದು, ಮರುದಿನ ಅದರ ಗೌರವಾರ್ಥ ಬಿ ಸಾಲಿನ ಕಾಲಾಳನ್ನು ಮೊದಲ ನಡೆಯಲ್ಲೇ ಎರಡು ಮನೆ ತಳ್ಳಿದ ಆಸಾಮಿ.

ಹಲಗೆಯ ಉದ್ದ ಸಾಲುಗಳಿಗೆ ಎ ಇಂದ ಎಚ್‌ವರೆಗೆ ಅಕ್ಷರ, ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಅಂಕೆ. ಎ5 ಎಂದರೆ ಎ ಸಾಲಿನ ಐದನೇ ಮನೆ. ಆರಂಭದ ನಡೆಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಒಂದನ್ನು ಮಾತ್ರ ಗುರುತಿಟ್ಟುಕೊಳ್ಳಿ. ಬಿಳಿಯ ಸಿ ಸಾಲಿನಲ್ಲಿ ಒಂದರ ಹಿಂದೊಂದು ಎರಡು ಕಾಲಾಳು ನಿಂತಿದ್ದವು. ಅದು ಶಾಸ್ತ್ರೋಕ್ತ ದೌರ್ಬಲ್ಯ. ಅದರ ಮೇಲೆ ಕಣ್ಣಿಟ್ಟು ಟಾರ್ಟಕೋವರ್ 16ನೇ ನಡೆಯಲ್ಲಿ ಕುದುರೆಯನ್ನು ಎ5ಕ್ಕೆ ಕಳಿಸಿದ. ಹಲಗೆಯ ನಡುವೆ ನಿಂತ ಕುದುರೆಗೆ ಎಂಟು ಮನೆ ಎಟುಕುತ್ತವೆ, ಅಂಚಿನ ಎ5ರಲ್ಲಿ ನಾಲ್ಕೇ. 31ನೇ ನಡೆಯವರೆಗೂ ಆ ಕುದುರೆ ಅಲ್ಲೇ ನಿಂತಿತ್ತು. ಕಾಪಾಬ್ಲಾಂಕ ಅದನ್ನು ಓಡಿಸುವ ಗೋಜಿಗೇ ಹೋಗಲಿಲ್ಲ. ರಾಣಿಗಳನ್ನೂ ಒಂದು ಜೋಡಿ ಆನೆಗಳನ್ನೂ ಬದಲಾಯಿಸಿಕೊಂಡು ಹಲಗೆಯ ಇನ್ನೊಂದು ತುದಿಯಲ್ಲಿ ಎಚ್ ಸಾಲನ್ನು ತೆರೆದ. 30ನೇ ನಡೆಗೆ ಅವನ ಆನೆ ಎಚ್7ಕ್ಕೆ ಬಂತು. ಅಲ್ಲಿಂದ ಅದು ಏಳನೇ ಸಾಲನ್ನು ಪೂರ್ತಿ ಕಾಯುತ್ತದೆ. ಕಪ್ಪು ರಾಜ ಎಂಟನೇ ಸಾಲಿನಲ್ಲಿ ಬಂದಿ.

ಕುದುರೆ ಓಡೋಡಿ ಎಫ್5ಕ್ಕೆ ಬಂದಾಗ ಕಾಪಾಬ್ಲಾಂಕ ತನ್ನ ಒಂಟೆಯನ್ನು ಕೊಟ್ಟು ಅದನ್ನು ಹೊಡೆದ. ಈಗ ಇಬ್ಬರಲ್ಲೂ ಒಂದು ಆನೆ, ಐದೈದು ಕಾಲಾಳು. ಪಟ್ಟಿಯ ಪ್ರಕಾರ ಸಮ. ಆದರೆ ಬಿಳಿಯ ಸಿ3 ಕಾಲಾಳು ಕಪ್ಪು ಆನೆಯ ಬಾಯಲ್ಲಿದೆ, ಮತ್ತು ಹೊಡೆತ ಚೆಕ್ ಸಮೇತ ಬೀಳಲಿದೆ. ಬಿಳಿಯ 35ನೇ ನಡೆ: ರಾಜ ಎಫ್3ರಿಂದ ಜಿ3ಕ್ಕೆ. ಹೊಡಿ, ಬೇಕಾದರೆ ಇನ್ನೊಂದನ್ನೂ ಹೊಡಿ ಎಂದ ಹಾಗೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ನಡೆಯಿಂದ ಲೆಕ್ಕ ಹಿಡಿದರೆ ಬಿಳಿ ಒಂದು ಕಾಲಾಳನ್ನಾದರೂ ವಾಪಸು ಗಳಿಸುವುದು 41ನೇ ನಡೆಯಲ್ಲಿ. ಎರಡೂ ಕಡೆಯದು ಸೇರಿ 13 ನಡೆ. ಪ್ರತಿ ಸಲ ಹತ್ತೇ ಆಯ್ಕೆ ಎಂದುಕೊಂಡರೂ ಹತ್ತು ಲಕ್ಷ ಕೋಟಿ ದಾರಿಗಳಾಗುತ್ತವೆ. ಐದಾರು ನಡೆಯಷ್ಟೇ ಮುಂದೆ ನೋಡಿ, ಕಾಯಿಗಳನ್ನಷ್ಟೇ ಎಣಿಸುವ ಕಂಪ್ಯೂಟರಿಗೆ ಇಲ್ಲಿ ಕಾಣುವುದು ಎರಡು ಕಾಲಾಳಿನ ನಷ್ಟ ಮಾತ್ರ. ಅದಕ್ಕೇ ಚೆಸ್ ಪ್ರೋಗ್ರಾಂ ಬರೆಯುವವರು ರಾಜನಿಗೆ ಎರಡು ಕೋಷ್ಟಕ ಕೊಡುವ ರೂಢಿ ಮಾಡಿಕೊಂಡರು. ಹಲಗೆ ತುಂಬ ಕಾಯಿಗಳಿದ್ದಾಗ ಮೂಲೆಯ ಮನೆಗೆ ಹೆಚ್ಚು ಅಂಕ, ರಾಣಿಗಳು ಹೋದಮೇಲೆ ನಡುಮನೆಗೆ ಹೆಚ್ಚು ಅಂಕ. ಬಚ್ಚಿಟ್ಟುಕೊಳ್ಳಬೇಕಾದ ರಾಜ ಕೊನೆಯ ಹಂತದಲ್ಲಿ ಹೋರಾಡುವ ಕಾಯಿ ಎಂಬುದನ್ನು ಯಂತ್ರಕ್ಕೆ ಹೀಗೆ ಅಂಕೆಯಲ್ಲಿ ಹೇಳಿಕೊಡಬೇಕಾಯಿತು.

ಮನುಷ್ಯರಿಗೆ ಇದು ಹೇಗೆ ಹೊಳೆಯುತ್ತದೆ? 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ನಿಜವಾದ ಆಟದ ನಡುವಿನ ಒಂದು ಸ್ಥಿತಿಯನ್ನು ಐದು ಸೆಕೆಂಡ್ ತೋರಿಸಿ, ಮರೆಮಾಡಿ, ಖಾಲಿ ಹಲಗೆಯ ಮೇಲೆ ಮತ್ತೆ ಜೋಡಿಸಲು ಹೇಳಿದರು. ಸುಮಾರು 25 ಕಾಯಿಗಳಲ್ಲಿ ಮಾಸ್ಟರ್ 16ರಷ್ಟನ್ನು ಸರಿಯಾಗಿ ಇಟ್ಟ, ಹೊಸಬ ನಾಲ್ಕನ್ನು. ಅವೇ ಕಾಯಿಗಳನ್ನು ಮನಬಂದಂತೆ ಚೆಲ್ಲಾಡಿ ತೋರಿಸಿದಾಗ ಇಬ್ಬರೂ ಒಂದೇ ಮಟ್ಟಕ್ಕೆ ಇಳಿದರು. ಅಂದರೆ ಮಾಸ್ಟರನ ಜ್ಞಾಪಕಶಕ್ತಿಯೇನೂ ಅಸಾಧಾರಣವಲ್ಲ. ಅವನು ಕಾಯಿಗಳನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ, ಪರಿಚಿತ ಗುಂಪುಗಳಾಗಿ ನೋಡುತ್ತಾನೆ. ಕಾಪಾಬ್ಲಾಂಕ ಆ ಹೊತ್ತಿನಲ್ಲಿ ಏನೆಣಿಸಿದನೋ ಹೇಳಲಾಗದು. ಆದರೆ ಏಳನೇ ಸಾಲಿನ ಆನೆ, ಬಂದಿಯಾದ ರಾಜ, ತಡೆಯಿಲ್ಲದ ಜಿ ಕಾಲಾಳು, ಈ ಮೂರೂ ಅವನಿಗೆ ಒಂದೇ ಚಿತ್ರವಾಗಿ ಕಂಡಿರಬೇಕು ಎಂದು ನನ್ನ ಅನಿಸಿಕೆ. ಆ ಚಿತ್ರದಲ್ಲಿ ಇನ್ನೂ ಬರಬೇಕಿದ್ದದ್ದು ಅವನ ರಾಜನೊಬ್ಬನೇ.

ಕಪ್ಪು ಆನೆ ಸಿ3 ಕಾಲಾಳನ್ನು ಹೊಡೆಯಿತು. ರಾಜ ಎಚ್4ಕ್ಕೆ ಏರಿದ. ಜಿ ಕಾಲಾಳು ಆರನೇ ಸಾಲಿಗೆ. ಕಪ್ಪು ಆನೆ ಎಫ್4 ಕಾಲಾಳನ್ನೂ ತಿಂದು ಚೆಕ್ ಕೊಟ್ಟಿತು, ರಾಜ ಜಿ5ಕ್ಕೆ. ಕಪ್ಪು ಆನೆ ಇ4ಕ್ಕೆ ಸರಿಯಿತು. ಬಿಳಿ ಈಗ ಎರಡು ಕಾಲಾಳು ಹಿಂದೆ. ಪಕ್ಕದಲ್ಲೇ ಕಪ್ಪಿನ ಎಫ್5 ಕಾಲಾಳು ಬಿಟ್ಟಿಯಾಗಿ ನಿಂತಿದೆ. ನಮ್ಮಂಥವರು ತಕ್ಷಣ ತಿಂದುಬಿಡುತ್ತೇವೆ. ಕಾಪಾಬ್ಲಾಂಕ ಅದನ್ನು ದಾಟಿ ಎಫ್6ಕ್ಕೆ ಹೋದ. ತಿಂದಿದ್ದರೆ ಎಫ್ ಸಾಲು ತೆರೆದು ಕಪ್ಪು ಆನೆಗೆ ಹಿಂದಿನಿಂದ ಚೆಕ್ ಕೊಡುವ ದಾರಿಯಾಗುತ್ತಿತ್ತು. ತಿನ್ನದೆ ಬಿಟ್ಟಿದ್ದರಿಂದ ಶತ್ರುವಿನ ಕಾಲಾಳೇ ಅವನಿಗೆ ಕೊಡೆ ಹಿಡಿದಂತಾಯಿತು. ಜೊತೆಗೆ ಆನೆ ಎಚ್8ಕ್ಕೆ ಬಂದರೆ ಅಲ್ಲಿಗೇ ಚೆಕ್‌ಮೇಟ್ ಎಂಬ ಬೆದರಿಕೆ.

ಆಮೇಲಿನದು ವಸೂಲಿ. 41ನೇ ನಡೆಯಲ್ಲಿ ಸಿ7 ಕಾಲಾಳು ಹೋಯಿತು. 42ರಲ್ಲಿ, ಕೊಡೆಯ ಕೆಲಸ ಮುಗಿದ ಮೇಲೆ, ಎಫ್5. 46ರಲ್ಲಿ ಎ7, 47ರಲ್ಲಿ ಡಿ5. ಬಿಳಿಯ ಡಿ ಕಾಲಾಳು ಆರನೇ ಸಾಲು ಮುಟ್ಟಿದ 52ನೇ ನಡೆಗೆ ಟಾರ್ಟಕೋವರ್ ಸೋಲೊಪ್ಪಿಕೊಂಡ. ಕಪ್ಪು ರಾಜ ಆಗಲೂ ಎಂಟನೇ ಸಾಲಿನಲ್ಲೇ ಇದ್ದ.

ಟೂರ್ನಿ ಗೆದ್ದದ್ದು ಮಾತ್ರ ಕಾಪಾಬ್ಲಾಂಕ ಅಲ್ಲ. ಮೂರು ವರ್ಷದ ಹಿಂದೆ ಅವನಿಗೇ ವಿಶ್ವ ಕಿರೀಟ ಒಪ್ಪಿಸಿದ್ದ, ಆಗ 55 ವರ್ಷದ ಎಮಾನ್ಯುಯೆಲ್ ಲಾಸ್ಕರ್, ಇಪ್ಪತ್ತು ಆಟಗಳಲ್ಲಿ 16 ಅಂಕ ಗಳಿಸಿ ಮೊದಲಿಗನಾದ. ಕಾಪಾಬ್ಲಾಂಕನಿಗೆ ಸಿಕ್ಕಿದ್ದು ಹದಿನಾಲ್ಕೂವರೆ.